ನಮ್ಮೆಲ್ಲರ ಆಟೋಕ್ಲೇವು

ನಾನು ಆಟೋಕ್ಲೇವಿನಲ್ಲಿ ಬೇಯಿಸಿದ ಶೇಂಗಾ ತಿಂದಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು ತಿನ್ನಬಾರದ ಪದಾರ್ಥಗಳ ಪಟ್ಟಿ ಮಾಡಿದರೆ ಆ ಶೇಂಗಾಕ್ಕೆ ಮೊದಲ ಸ್ಥಾನ ಸಿಗಬೇಕು. ಅದೇ ಪಾತ್ರೆಯಲ್ಲಿ ಹಿಂದಿನ ದಿನ ನಾವು ಚರಂಡಿಯ ನೀರಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಕೊಂದಿದ್ದೆವು. ಆದರೂ ತಿಂದೆ. ಉಪ್ಪು ಹದವಾಗಿತ್ತು.

ಆಟೋಕ್ಲೇವು ಎಂದರೇನು ಎಂದು ಯಾರಾದರೂ ಕೇಳಿದರೆ "ದೊಡ್ಡ ಕುಕ್ಕರು" ಎಂದು ಹೇಳಿಬಿಡುವುದು ನನ್ನ ರೂಢಿ. ಎಲ್ಲ ಅನರ್ಥಕ್ಕೂ ಮೂಲ ಅದೇ ಇರಬೇಕು. ಕುಕ್ಕರು ಎಂದ ಮೇಲೆ ಜನ ಶೇಂಗಾ ತರುತ್ತಾರೆ, ಗೆಣಸು ತರುತ್ತಾರೆ. ನಿಜ ಹೇಳಬೇಕೆಂದರೆ ಅದು ಸೊಂಟದೆತ್ತರದ ಒಂದು ಉಕ್ಕಿನ ಪೀಪಾಯಿ. ತಳದಲ್ಲಿ ನೀರು, ಮೇಲೆ ತಿರುಪುಗಳಿಂದ ಬಿಗಿಯುವ ದಪ್ಪ ಮುಚ್ಚಳ, ಮುಚ್ಚಳದ ಮೇಲೆ ಒತ್ತಡ ತೋರಿಸುವ ಒಂದು ಮುಳ್ಳು, ಪಕ್ಕದಲ್ಲಿ ಒತ್ತಡ ಮಿತಿ ಮೀರಿದರೆ ತಾನಾಗಿ ಉಗಿ ಬಿಡುವ ಒಂದು ವಾಲ್ವು. ಬರೀ ಕುದಿಯುವ ನೀರಿಗೆ ಸಾಯದ ಬ್ಯಾಕ್ಟೀರಿಯಾಗಳಿವೆ. ಬೀಜದಂಥ ಕವಚದೊಳಗೆ ಮುದುಡಿ ಕುಳಿತು, ಕುದಿ ಇಳಿದ ಮೇಲೆ ಮೈ ಮುರಿದು ಏಳುತ್ತವೆ. ಅವುಗಳಿಗೂ ಜಗ್ಗದ ಉಗಿಯನ್ನು ಒತ್ತಡದಲ್ಲಿ ಹಿಡಿದಿಡುವ ಯಂತ್ರ ಇದು. ಹೆಸರಿನ ಮೂಲ ಹುಡುಕಿದರೆ "ತಾನೇ ಬೀಗ ಹಾಕಿಕೊಳ್ಳುವುದು" ಎಂಬ ಅರ್ಥ ಸಿಗುತ್ತದಂತೆ. ನಮ್ಮ ಕಾಲೇಜಿನಲ್ಲಿ ಅದಕ್ಕೆ ಬೀಗವೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹಾಕಲಾಗಿತ್ತು.

ಕಾಲೇಜು ಇರುವುದು ಗಂಗಾವತಿಯಲ್ಲಿ. ನಾನು ಕುಷ್ಟಗಿಯವಳು, ನೌಕರಿ ಸಿಕ್ಕ ಮೇಲೆ ಇಲ್ಲಿ ನೆಲೆ ನಿಂತೆ. ನಮ್ಮಲ್ಲಿ ಮೂರು ವಿಭಾಗಗಳಿಗೆ ಒಂದೇ ಆಟೋಕ್ಲೇವು. ಸೂಕ್ಷ್ಮಜೀವಿಶಾಸ್ತ್ರದವರಾದ ನಾವು ಅದರಲ್ಲಿ ಗಾಜಿನ ಬಾಟಲಿ, ತಟ್ಟೆಗಳನ್ನು ಶುದ್ಧ ಮಾಡುತ್ತಿದ್ದೆವು. ಸಸ್ಯಶಾಸ್ತ್ರದವರು ಬಾಳೆಯ ಸಸಿಗಳನ್ನು ಗಾಜಿನೊಳಗೆ ಬೆಳೆಸಲು ಬೇಕಾದ ದ್ರಾವಣ ಕಾಯಿಸುತ್ತಿದ್ದರು. ಗೃಹವಿಜ್ಞಾನದವರು ಜಾಮಿನ ಶೀಸೆಗಳನ್ನು ತರುತ್ತಿದ್ದರು. ಶೇಂಗಾ ಬಂದದ್ದು ಯಾವ ವಿಭಾಗದಿಂದ ಎಂದು ನಾನು ಹೇಳುವುದಿಲ್ಲ. ತಿಂದದ್ದು ಮೂರೂ ವಿಭಾಗದವರು.

ಮೂವರದಾದ ವಸ್ತು ಯಾರದೂ ಅಲ್ಲ ಎನ್ನುವುದಕ್ಕೆ ಬಸ್‌ಸ್ಟ್ಯಾಂಡಿನ ನಲ್ಲಿಯನ್ನು ನೋಡಿದರೆ ಸಾಕು. ಆದರೆ ನಮ್ಮ ಆಟೋಕ್ಲೇವಿಗೆ ಹುಸೇನ್‌ಬೀ ಇದ್ದಳು. ಪ್ರಯೋಗಾಲಯದ ಸಹಾಯಕಿ, ಐವತ್ತರ ಆಸುಪಾಸು, ಗುತ್ತಿಗೆಯ ನೌಕರಿ. ಗುತ್ತಿಗೆ ಎಂದರೆ ಒಂದು ಫೋನಿನಲ್ಲಿ ಬಂದದ್ದು, ಒಂದು ಫೋನಿನಲ್ಲಿ ಹೋಗಬಹುದಾದದ್ದು. ನೀರಿನ ಮಟ್ಟ ನೋಡುವವಳು ಅವಳು, ಬಾಟಲಿಗಳ ಮುಚ್ಚಳ ಸಡಿಲವಿದೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡುವವಳು ಅವಳು. ಹೊಸದಾಗಿ ಸೇರಿದಾಗ ನಾನು ಎಂಟು ಬಾಟಲಿಗಳ ಮುಚ್ಚಳವನ್ನು ಉಪ್ಪಿನಕಾಯಿ ಭರಣಿಯಂತೆ ಗಟ್ಟಿಯಾಗಿ ತಿರುವಿ ಒಳಗಿಟ್ಟಿದ್ದೆ. ಒಳಗೇ ಐದು ಸಿಡಿದವು. ಅವುಗಳಲ್ಲಿದ್ದ ಅಗರ್ ಎಂಬ ಅಂಟು ಪಾತ್ರೆಯ ಗೋಡೆಗೆಲ್ಲ ಮೆತ್ತಿಕೊಂಡು ಕಲ್ಲಾಯಿತು. ಹುಸೇನ್‌ಬೀ ಎರಡು ದಿನ ಅದನ್ನು ಕೆರೆದಳು. ಕೆರೆಯುವಾಗ ನನಗೆ ಕೇಳಲಿ ಎಂಬಂತೆ ಪಾತ್ರೆಗೆ ಹೇಳುತ್ತಿದ್ದಳು: "ಕಲಿತವರು ಬಂದಾರವಾ, ತಡಕೋ."

ಆ ಸ್ಫೋಟದ ಫಲವಾಗಿ ಒಂದು ಸಮಿತಿ ಹುಟ್ಟಿತು. ಆಟೋಕ್ಲೇವ್ ಸದ್ಬಳಕೆ ಸಮಿತಿ. ಅಧ್ಯಕ್ಷರು ಸಸ್ಯಶಾಸ್ತ್ರದ ಮುಖ್ಯಸ್ಥರಾದ ವಿರೂಪಾಕ್ಷಪ್ಪ ಸರ್. ತಳಕಲ್ಲಿನವರು, ಒಳ್ಳೆಯ ಮನುಷ್ಯ. ಕೆಟ್ಟ ಫ್ಯಾನು, ನಿಂತ ಗಡಿಯಾರ, ಸೋರುವ ನಲ್ಲಿ, ಏನನ್ನೇ ಆಗಲಿ ತಾವೇ ದುರಸ್ತಿ ಮಾಡುತ್ತೇನೆಂದು ತೋಳೇರಿಸುವವರು. ಅವರು ಮುಟ್ಟಿದ ಗಡಿಯಾರ ನಡೆಯುತ್ತಿತ್ತು, ಆದರೆ ಕಾಲೇಜಿನ ಕಾಲಕ್ಕಲ್ಲ. ನಾನು ಕಾರ್ಯದರ್ಶಿ. ಯಂತ್ರವನ್ನು ದಿನವೂ ಮುಟ್ಟುತ್ತಿದ್ದ ಹುಸೇನ್‌ಬೀ ಸಮಿತಿಯಲ್ಲಿರಲಿಲ್ಲ. ಸಭೆಗೆ ಚಹಾ ತರುತ್ತಿದ್ದಳು.

ಸಮಿತಿ ನಾಲ್ಕು ಸಲ ಸೇರಿ ಇಂಗ್ಲಿಷಿನಲ್ಲಿ ಹದಿನೆಂಟು ನಿಯಮಗಳನ್ನು ರಚಿಸಿತು. ಆಹಾರ ಬೇಯಿಸಬಾರದು. ಬಾಟಲಿಯನ್ನು ಪೂರ್ತಿ ತುಂಬಬಾರದು. ಬೋರಿನ ನೀರು ಹಾಕಬಾರದು, ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಮುಳ್ಳು ಸೊನ್ನೆಗೆ ಇಳಿಯದೆ ಮುಚ್ಚಳ ತೆಗೆಯಬಾರದು. ಕೊನೆಯ ನಿಯಮ, ಬಳಸಿದವರು ಪುಸ್ತಕದಲ್ಲಿ ಯಂತ್ರದ ಸ್ಥಿತಿ ಬರೆದು ಸಹಿ ಮಾಡಬೇಕು. ಇಷ್ಟನ್ನೂ ಬಣ್ಣದಲ್ಲಿ ಮುದ್ರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಎಲ್ಲರಿಗೂ ಕಾಣಲಿ ಎಂದು ಆಟೋಕ್ಲೇವಿನ ಮುಚ್ಚಳದ ಮೇಲೆಯೇ ಅಂಟಿಸಿದೆವು. ಮೊದಲ ಸಲ ಯಂತ್ರ ಕಾದಾಗಲೇ ನಿಯಮಗಳು ಮುದುಡಿ, ಕರಗಿ, ಸುರುಳಿಯಾದವು. ತಣ್ಣಗಾದ ಮೇಲೆ ನೋಡಿದರೆ ಒಂದು ಸಾಲು ಮಾತ್ರ ಓದಲು ಬರುತ್ತಿತ್ತು: ಸಹಿ ಮಾಡಬೇಕು.

ಅಂದಿನಿಂದ ನಾವೆಲ್ಲ ಆ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆವು. ಪುಸ್ತಕದಲ್ಲಿ ಸ್ಥಿತಿ ಎಂಬ ಕಲಂ ಕೆಳಗೆ "ಸರಿ ಇದೆ" ಎಂದು ಬರೆಯುವುದು, ಸಹಿ ಹಾಕುವುದು. ಕೆಲವರು ತಿಂಗಳ ಮೊದಲ ದಿನವೇ ತಿಂಗಳು ಪೂರ್ತಿಯ ಸಹಿ ಮುಗಿಸುತ್ತಿದ್ದರು. ಇಡೀ ದಿನ ಕರೆಂಟು ಇಲ್ಲದ ಒಂದು ಶನಿವಾರದ ಎದುರಿಗೂ ನನ್ನ ಕೈಬರಹದಲ್ಲಿ "ಸರಿ ಇದೆ" ಎಂದಿದೆ. ಯಂತ್ರ ಅಂದು ಸರಿಯಾಗಿಯೇ ಇದ್ದಿರಬೇಕು, ಯಾರೂ ಮುಟ್ಟಿರಲಿಲ್ಲವಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ವಾಲ್ವು ಸದ್ದು ಮಾಡತೊಡಗಿತು. ಒತ್ತಡ ಏರುವ ಮೊದಲೇ ಒಂದು ಉದ್ದನೆಯ ಸುಸ್ಕಾರ. ಗೋಡೆಯ ಆಚೆಗೆ ಪ್ರಾಂಶುಪಾಲರ ಕೊಠಡಿ. ಅವರು ಮೇಲಧಿಕಾರಿಗಳ ಜೊತೆ ಫೋನಿನಲ್ಲಿ ಮಾತಾಡುವಾಗಲೆಲ್ಲ ಹಿಂದಿನಿಂದ ಹಾವು ಬುಸುಗುಟ್ಟಿದಂತೆ ಕೇಳುತ್ತಿತ್ತಂತೆ. ಒಮ್ಮೆ ಆ ಕಡೆಯವರು "ಯಾಕ್ರಿ, ಸಿಟ್ಟು ಬಂತೇನು?" ಎಂದು ಕೇಳಿಬಿಟ್ಟರು. ಪ್ರಾಂಶುಪಾಲರಿಗೆ ನಿಜವಾಗಿ ಸಿಟ್ಟು ಬಂತು. ತಿಂಗಳೊಪ್ಪತ್ತಿನಲ್ಲಿ ಕಾಲೇಜನ್ನು ನೋಡಲು ತಪಾಸಣೆಯ ತಂಡ ಬರುವುದಿತ್ತು. ತಂಡ ಬರುವಷ್ಟರಲ್ಲಿ ಸದ್ದು ನಿಲ್ಲಬೇಕು ಎಂದು ಅಪ್ಪಣೆಯಾಯಿತು.

ಸದ್ದು ನಿಲ್ಲಿಸುವುದು ಬೇರೆ, ವಾಲ್ವು ಸರಿಮಾಡುವುದು ಬೇರೆ ಎಂದು ಹೇಳುವವಳು ಊರಲ್ಲಿರಲಿಲ್ಲ. ಹುಸೇನ್‌ಬೀ ತಂಗಿಯ ಮಗಳ ಮದುವೆಗೆಂದು ಸಿದ್ದಾಪುರಕ್ಕೆ ಹೋಗಿದ್ದಳು. ವಿರೂಪಾಕ್ಷಪ್ಪ ಸರ್ ತೋಳೇರಿಸಿದರು. ವಾಲ್ವನ್ನು ಒತ್ತಿ ಹಿಡಿದು, ತಾಮ್ರದ ತಂತಿಯಿಂದ ಏಳೆಂಟು ಸುತ್ತು ಸುತ್ತಿ, ಇಕ್ಕಳದಿಂದ ತಿರುವಿ ಬಿಗಿದರು. ಸದ್ದು ನಿಂತಿತು. ಸಭೆಯಲ್ಲಿ ಅವರಿಗೆ ಅಭಿನಂದನೆ ಸಲ್ಲಿಸಿದ ನಿರ್ಣಯವನ್ನು ಬರೆದವಳು ಕಾರ್ಯದರ್ಶಿಯಾದ ನಾನೇ.

ಹುಸೇನ್‌ಬೀ ಇಲ್ಲದ ಹನ್ನೆರಡು ದಿನ ಯಂತ್ರವನ್ನು ನಾವೇ ನಡೆಸಿದೆವು. ಭಟ್ಟಿ ನೀರಿನ ಡಬ್ಬಿ ಎಲ್ಲಿದೆ ಎಂದು ಗೊತ್ತಾಗದೆ, ಅವಳು ರಜೆ ಹಾಕಿದಾಗಲೆಲ್ಲ ಮಾಡುತ್ತಿದ್ದಂತೆ, ಬೋರಿನ ನೀರನ್ನೇ ಸುರಿದೆವು. ಕೊನೆಯ ದಿನ ನಾನು ಒಬ್ಬಳೇ ಇದ್ದೆ. ಸುಟ್ಟ ರಬ್ಬರಿನ ವಾಸನೆ ಬಂತು. ಬಗ್ಗಿ ನೋಡಿದರೆ ಮುಳ್ಳು ಕೆಂಪು ಗೆರೆಯನ್ನು ದಾಟಿ ನಿಂತಿತ್ತು. ಮುಳ್ಳಿಗೇ ಏನೋ ಆಗಿದೆ ಎಂದುಕೊಂಡು ಅದರ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದೆ. ಮುಳ್ಳು ಕದಲಲಿಲ್ಲ. ಸ್ವಿಚ್ಚು ಆರಿಸಿದೆ. ಕ್ಲಾಸಿಗೆ ಹೊತ್ತಾಗಿತ್ತು. ಪುಸ್ತಕ ತೆರೆದು "ಸರಿ ಇದೆ" ಎಂದು ಬರೆದು, ಸಹಿ ಹಾಕಿ, ಹೋಗಿ ಪ್ರಯೋಗಾಲಯದ ಸುರಕ್ಷತೆಯ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ. ಪಾಠ ಚೆನ್ನಾಗಿಯೇ ಆಯಿತು.

ಮರುದಿನ ಬೆಳಿಗ್ಗೆ ಹುಸೇನ್‌ಬೀ ಬಂದಳು. ಅದರ ಮರುದಿನ ತಪಾಸಣೆಯ ತಂಡ. ಅವರಿಗೆ ತೋರಿಸಲು ಬ್ಯಾಕ್ಟೀರಿಯಾ ಬೆಳೆಸುವ ನಲವತ್ತು ಗಾಜಿನ ತಟ್ಟೆ ಸಿದ್ಧವಾಗಬೇಕಿತ್ತು. ಎಲ್ಲವನ್ನೂ ಬುಟ್ಟಿಗೆ ತುಂಬಿ ಅವಳ ಕೈಗೆ ಕೊಟ್ಟೆ. ಅವಳು ಆಟೋಕ್ಲೇವಿನ ಹತ್ತಿರ ಹೋದಳು, ತಂತಿ ನೋಡಿದಳು, ಬುಟ್ಟಿಯನ್ನು ಕೆಳಗಿಟ್ಟಳು. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು ಯಂತ್ರದ ಮುಂದೆ ಸ್ಟೂಲು ಹಾಕಿ ಕುಳಿತಳು.

"ಇದನ್ನ ನಾ ಹಚ್ಚಂಗಿಲ್ರಿ ಮೇಡಂ. ಹಚ್ಚಾಕ ಬಿಡಂಗೂ ಇಲ್ಲ."

ನಾನು ಸಮಾಧಾನ ಹೇಳಿದೆ, ಇದೊಂದು ದಿನ ನಡೆಸಿಬಿಡೋಣ ಎಂದೆ. ಅವಳು ಸ್ಟೂಲನ್ನು ಯಂತ್ರಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ವಿರೂಪಾಕ್ಷಪ್ಪ ಸರ್ ಬಂದರು. ಕೊನೆಗೆ ಪ್ರಾಂಶುಪಾಲರೇ ಬಂದರು. ಬೆಳಗಿನಿಂದ ಗೋಡೆಗಳಿಗೆ ಸುಣ್ಣ ಹೊಡೆಸುತ್ತಿದ್ದುದರಿಂದ ಅವರ ತಲೆಯ ಮೇಲೂ ಸ್ವಲ್ಪ ಸುಣ್ಣವಿತ್ತು.

"ಏಳವ್ವ," ಎಂದರು ಅವರು. "ನಾಳೆ ತಂಡ ಬರತೈತಿ. ಇವತ್ತ ಹಟ ಮಾಡೂ ದಿನ ಅಲ್ಲ. ಮೆಮೋ ಕೊಡಬೇಕಾಗ್ತೈತಿ ನೋಡು."

"ಕೊಡ್ರಿ ಸರ್, ತೊಗೊಂತೀನಿ. ಮೆಮೋ ಮೈ ಸುಡಂಗಿಲ್ಲ."

"ಮೆಮೋ ಅಷ್ಟ ಅಲ್ಲ. ಒಂದ್ ಫೋನ್ ಮಾಡಿದ್ರ ನಿನ್ ಜಾಗಾಕ್ಕ ಬ್ಯಾರೆಯವರು ಬರ್ತಾರ."

ಹುಸೇನ್‌ಬೀ ಯಾವ ಏರಿಳಿತವೂ ಇಲ್ಲದೆ ಹೇಳಿದಳು. "ನಮ್ಮಪ್ಪ ರೈಸ್ ಮಿಲ್ಲಿನ್ಯಾಗ ಬಾಯ್ಲರ್ ನೋಡತಿದ್ದ ಸರ್. ಅಲ್ಲೀನೂ ವಾಲ್ವ್ ಭಾಳ ಒದರತೈತಿ ಅಂತ ಒಂದ್ ಕಬ್ಬಣದ ತುಂಡು ಜೋತು ಬಿಟ್ಟಿದ್ರು. ಮೂರ್ ದಿನ ಒದರಲಿಲ್ಲ. ನಾಕನೇ ದಿನ ಒದರ್ತು. ಊರಿಗೆಲ್ಲ ಕೇಳಸ್ತು. ನಮ್ಮಪ್ಪಗ ಅವತ್ತಿಂದ ಸಾಯೂತನಕ ಏನೂ ಕೇಳಸಲಿಲ್ಲ. ನಾ ಹಾಡಿದ್ದೂ ಕೇಳಸಲಿಲ್ಲ, ಅತ್ತಿದ್ದೂ ಕೇಳಸಲಿಲ್ಲ. ಬೆನ್ನ ಮ್ಯಾಲೆ ಅಂಗಿ ಹಾಕ್ಕೊಂಡಿದ್ದ ನಾ ನೋಡೇ ಇಲ್ಲ, ತಡೀತಿರಲಿಲ್ಲ ಅದಕ್ಕ."

ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಗೆಕೊಳವೆ ಕಾಣದ ಓಣಿಯಿಲ್ಲ. ಅದರ ಕೆಳಗೆ ಒಬ್ಬ ಮನುಷ್ಯ ಕುಳಿತಿರುತ್ತಾನೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ವಿರೂಪಾಕ್ಷಪ್ಪ ಸರ್ ಮುಖ ಸಣ್ಣದಾಯಿತು. ಆದರೆ ಮನುಷ್ಯನಿಗೆ ತನ್ನ ದುರಸ್ತಿಯ ಮೇಲಿನ ನಂಬಿಕೆ ಅಷ್ಟು ಬೇಗ ಹೋಗುವುದಿಲ್ಲ. ಅವರು ಪುಸ್ತಕವನ್ನು ಕೈಗೆತ್ತಿಕೊಂಡರು.

"ಅದು ಖರೆನವ್ವ. ಆದ್ರ ಇದು ಹನ್ನೆರಡು ದಿನದಿಂದ ಛಲೋ ನಡದೈತಿ. ನಿನ್ನೀನೂ ನಡದೈತಿ. ಇಲ್ನೋಡು, ಮೇಡಂ ಅವರ ಸಹಿ. ಸರಿ ಇದೆ ಅಂತ ಬರದಾರ."

ನಾಲ್ವರ ನಡುವೆ ಆ ಪುಟ ತೆರೆದುಕೊಂಡಿತ್ತು. ನನ್ನ ಅಕ್ಷರ ಚೆಂದ. ಚಿಕ್ಕಂದಿನಲ್ಲಿ ಅದಕ್ಕಾಗಿ ಬಹುಮಾನವನ್ನೂ ಪಡೆದಿದ್ದೇನೆ. ಅಷ್ಟು ಚೆಂದದ ಅಕ್ಷರ ಅಷ್ಟು ಅಸಹ್ಯವಾಗಿ ಕಂಡದ್ದು ಅದೇ ಮೊದಲು. ಹೂಂ ಅಂದುಬಿಟ್ಟರೆ ಎಲ್ಲವೂ ಸುಲಭ. ತಟ್ಟೆಗಳು ಸಿದ್ಧವಾಗುತ್ತವೆ, ನನ್ನ ಹೆಸರು ಉಳಿಯುತ್ತದೆ, ಹುಸೇನ್‌ಬೀ ನಾಳೆಯಿಂದ ಮನೆಯಲ್ಲಿರುತ್ತಾಳೆ. ಅವಳು ನನ್ನ ಮುಖವನ್ನು ನೋಡುತ್ತಲೂ ಇರಲಿಲ್ಲ. ನನ್ನಿಂದ ಅವಳಿಗೆ ಏನೂ ನಿರೀಕ್ಷೆ ಇರಲಿಲ್ಲವೆಂದು ಕಾಣುತ್ತದೆ. ಚುಚ್ಚಿದ್ದು ಅದೇ.

"ನಾನು ನೋಡದೆ ಬರೆದೆ ಸರ್," ಎಂದೆ. "ಅಲ್ಲ, ನೋಡಿ ಬರೆದೆ. ಮುಳ್ಳು ಕೆಂಪು ಗೆರೆ ದಾಟಿತ್ತು. ವಾಸನೀನೂ ಬಂದಿತ್ತು. ಆದರೂ ಸರಿ ಇದೆ ಅಂತ ಬರೆದೆ."

ಪ್ರಾಂಶುಪಾಲರು "ಯಾಕ್ರಿ?" ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ನನಗೆ ಇಂದಿಗೂ ಪೂರ್ತಿ ಹೊಳೆದಿಲ್ಲ. "ಆ ಕಲಂನಾಗ ಅದನ್ನ ಬಿಟ್ಟು ಬ್ಯಾರೆ ಏನರ ಬರೀಬಹುದು ಅಂತ ನೆನಪಾಗಲಿಲ್ರಿ," ಎಂದೆ. ಸಭ್ಯ ಕನ್ನಡ ನನ್ನ ಬಾಯಿಂದ ಜಾರಿ ಕುಷ್ಟಗಿ ಹೊರಬಿದ್ದಿತ್ತು. ಪೆನ್ನು ತೆಗೆದು ಅಂದಿನ ದಿನಾಂಕದ ಎದುರು "ಸರಿ ಇಲ್ಲ, ಬಳಸಬಾರದು" ಎಂದು ಬರೆದು ಸಹಿ ಹಾಕಿದೆ. ಅಕ್ಷರಗಳು ಸೊಟ್ಟಗೆ ಬಂದವು. ಹುಸೇನ್‌ಬೀ ಪುಸ್ತಕವನ್ನು ಇಸಿದುಕೊಂಡು ಓದಿ, ಸೆರಗಿನಿಂದ ಪ್ಲಗ್ಗು ಬಿಚ್ಚಿ ಮೇಜಿನ ಮೇಲಿಟ್ಟಳು.

ಪ್ರಾಂಶುಪಾಲರು ಫೋನು ಮಾಡಲಿಲ್ಲ. ಮನಸ್ಸು ಕರಗಿತೋ, ಅಷ್ಟರಲ್ಲಿ ಸುಣ್ಣದವನು ಕರೆದದ್ದರಿಂದ ಮರೆತರೋ, ನನಗೆ ತಿಳಿಯದು. ಆದರೆ ತಂಡದವರಿಗೆ ಕೆಟ್ಟ ಯಂತ್ರ ಕಾಣಬಾರದು ಎಂದು ಅದರ ಮೇಲೆ ಹೂವಿನ ಚಿತ್ರದ ಮೇಜುಬಟ್ಟೆ ಹೊದಿಸಿ, ಮೇಲೆ ಕಿನ್ನಾಳದ ಬಣ್ಣದ ಎರಡು ಮರದ ಗಿಳಿಗಳನ್ನು ಇಡಿಸಿದರು. ನೋಡಿದವರಿಗೆ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಯಾರದೋ ಮದುವೆ ನಿಶ್ಚಯವಾದಂತೆ ಕಾಣುತ್ತಿತ್ತು.

ತಂಡದ ಮುಖ್ಯಸ್ಥೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ಗಿಳಿಗಳನ್ನು ಮೆಚ್ಚಿದರು. ಒಂದನ್ನು ಎತ್ತಿ ನೋಡುವಾಗ ಮೇಜುಬಟ್ಟೆ ಜಾರಿತು. ತಾಮ್ರದ ತಂತಿ ಸುತ್ತಿದ ವಾಲ್ವು ಬೆಳಕಿಗೆ ಬಂತು. ಅವರು ಪುಸ್ತಕ ಕೇಳಿದರು. ಪುಟ ತಿರುವಿದರು. ಸರಿ ಇದೆ. ಸರಿ ಇದೆ. ಮೂರು ವಿಭಾಗ, ಎಷ್ಟೋ ತಿಂಗಳು, ಒಂದೇ ಮಾತು. ಕೊನೆಯ ಸಾಲಿನ ಮೇಲೆ ಅವರ ಬೆರಳು ನಿಂತಿತು.

"ಇಷ್ಟು ದಿನ ಸರಿಯಿದ್ದದ್ದು, ಈ ಒಂದು ದಿನ ಏನಾಯಿತು?" ಎಂದು ಕೇಳಿದರು.

ಪ್ರಾಂಶುಪಾಲರು ನನ್ನನ್ನು ನೋಡಿದರು. ನಾನು ವಿರೂಪಾಕ್ಷಪ್ಪ ಸರ್ ಅವರನ್ನು ನೋಡಿದೆ. ಅವರು ಗಿಳಿಗಳನ್ನು ನೋಡಿದರು. ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದ ಹುಸೇನ್‌ಬೀ ಹೇಳಿದಳು:

"ಅವತ್ತ ನೋಡಿದ್ವಿರಿ."

ಮುಖ್ಯಸ್ಥೆ ನಗಲಿಲ್ಲ. ಅವಳ ಕೈಯಿಂದ ಚಹಾ ತೆಗೆದುಕೊಂಡು, ಕುಡಿದು ಮುಗಿಸುವವರೆಗೆ ಆ ಪುಟವನ್ನೇ ನೋಡುತ್ತ ನಿಂತರು. ಆಮೇಲೆ ಬಂದ ವರದಿಯಲ್ಲಿ "ಉಪಕರಣಗಳ ಸ್ಥಿತಿ" ಎಂಬ ಕಲಂ ಕೆಳಗೆ ನಮಗೆ ಅಂಕ ಕಡಿತವಾಗಿತ್ತು, "ದಾಖಲೆಗಳ ಪ್ರಾಮಾಣಿಕತೆ" ಎಂಬ ಕಲಂ ಕೆಳಗೆ ಸಿಕ್ಕಿತ್ತು. ಇದರಿಂದ ಕಾಲೇಜಿಗೆ ಲಾಭವಾಯಿತೋ ನಷ್ಟವಾಯಿತೋ ಎಂದು ತಿಳಿಯಲು ಒಂದು ಸಮಿತಿ ರಚಿಸಲಾಗಿದೆ.

ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದದ್ದು ಮೂರು ವಾರದ ನಂತರ. ತಂತಿ ಕತ್ತರಿಸಿ ವಾಲ್ವನ್ನು ಬಿಚ್ಚಿ ಮೇಜಿನ ಮೇಲೆ ಬಡಿದ. ಒಳಗಿನಿಂದ ಸುಣ್ಣದಂಥ ಬಿಳಿಯ ಹೆಂಟೆ ಬಿತ್ತು. ಬೋರಿನ ನೀರಿನ ಉಪ್ಪು, ಪದರ ಪದರವಾಗಿ ಕಟ್ಟಿ ಕಲ್ಲಾಗಿತ್ತು. ಮುಳ್ಳನ್ನು ತಾನು ತಂದಿದ್ದ ಸಣ್ಣ ಯಂತ್ರಕ್ಕೆ ಹಚ್ಚಿ ಪರೀಕ್ಷಿಸಿದ. "ಮುಳ್ಳ ಬರೊಬ್ಬರಿ ಐತ್ರಿ," ಎಂದ. ಹಾಗಾದರೆ ಆ ಕೋಣೆಯಲ್ಲಿ ಅಂದು ಸುಳ್ಳು ಹೇಳಿದವಳು ನಾನೊಬ್ಬಳೇ. ಇನ್ನೆಷ್ಟು ದಿನ ತಡೆಯುತ್ತಿತ್ತು ಎಂದು ವಿರೂಪಾಕ್ಷಪ್ಪ ಸರ್ ಕೇಳಿದರು. ಮೆಕ್ಯಾನಿಕ್ ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ಮೇಲೆ ಚಾವಣಿ ನೋಡಿದ, "ಅದನ್ಯಾಕ್ ಕೇಳ್ತೀರಿ ಬಿಡ್ರಿ," ಎಂದ.

ವಿರೂಪಾಕ್ಷಪ್ಪ ಸರ್ ಆ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಹುಸೇನ್‌ಬೀ ಬಾಟಲಿ ತೊಳೆಯುವಲ್ಲಿಗೆ ಹೋಗಿ ಕೇಳಿದರು: "ನಿಮ್ಮ ತಂದಿ ಹೆಸರೇನವ್ವ?"

"ಇಮಾಮ್‌ಸಾಬ್ ಅಂತರಿ."

ಅವರು ತಲೆಯಾಡಿಸಿದರು. ಕ್ಷಮೆ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ, ಅವಳು ಕಾಯಲೂ ಇಲ್ಲ. ಮರುದಿನ ಅವರು ಮೊಣಕೈವರೆಗೆ ಬರುವ ದಪ್ಪ ಕೈಗವಸು ತಂದು ಸ್ಟೂಲಿನ ಮೇಲಿಟ್ಟು ಹೋದರು. ಸಮಿತಿಯ ಮುಂದಿನ ಸಭೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅವಳ ಹೆಸರನ್ನು ಸೂಚಿಸಿದವರೂ ಅವರೇ. ಚಹಾ ಯಾರು ತರಬೇಕು ಎಂಬ ಪ್ರಶ್ನೆಯಲ್ಲಿ ಸಭೆ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತು.

ಅಧ್ಯಕ್ಷೆ ಹದಿನೆಂಟು ನಿಯಮಗಳನ್ನು ಮುಟ್ಟಲಿಲ್ಲ. ಒಂದೇ ಹೊಸದನ್ನು ಸೇರಿಸಿದಳು: ಯಂತ್ರ ಮುಟ್ಟುವ ಪ್ರತಿಯೊಬ್ಬರೂ ಮೊದಲು ಅವಳ ಮುಂದೆ ನಡೆಸಿ ತೋರಿಸಬೇಕು. ಎರಡು ಪದವಿ ಹೊತ್ತ ನಾನು ಮೊದಲ ಸಲ ಫೇಲಾದೆ. ಕಾಲಲ್ಲಿ ತೆರೆದ ಚಪ್ಪಲಿ ಇದ್ದವು. ಕುದಿಯುವ ದ್ರಾವಣ ಕಾಲ ಮೇಲೆ ಚೆಲ್ಲಿದರೆ ಪದವಿ ಅಡ್ಡ ಬರುವುದಿಲ್ಲ ಎಂದು ಅವಳ ವಾದ. ಎರಡನೆಯ ಸಲ, ಒಳಗೆ ಸೇರಿಸುವ ಮೊದಲು ಬಾಟಲಿಯ ಮುಚ್ಚಳ ಸಡಿಲಿಸಿದೆನೋ ಇಲ್ಲವೋ ಎಂದು ಕೇಳಿದಳು, ನೋಡಿ ಬಂದು ಹೇಳಿದೆ, ಪಾಸಾದೆ.

ಇದೆಲ್ಲ ಕೇಳಿದ ಪ್ರಾಂಶುಪಾಲರಿಗೂ ಪರೀಕ್ಷೆ ಕೊಡುವ ಹುಮ್ಮಸ್ಸು ಬಂತು. ಎಲ್ಲರಿಗೂ ಮಾದರಿಯಾಗಬೇಕೆಂದು ಫೋಟೋ ತೆಗೆಯುವವನನ್ನೂ ಕರೆತಂದರು. ಬೂಟು ಹಾಕಿದ್ದರು, ನೀರು ನೋಡಿದರು, ಮುಚ್ಚಳ ಬಿಗಿದರು, ಎಲ್ಲವೂ ಸರಿಯಾಯಿತು. ಹೊತ್ತು ಮುಗಿದು ಸ್ವಿಚ್ಚು ಆರಿಸಿದ ಮೇಲೆ ಹುಸೇನ್‌ಬೀ ಕೇಳಿದಳು: "ಮುಳ್ಳು ಸೊನ್ನಿಗೆ ಇಳಿಯೂತನಕ ಈಗ ಏನ್ ಮಾಡ್ಬೇಕ್ರಿ ಸರ್?"

ಪ್ರಾಂಶುಪಾಲರು ಯೋಚಿಸಿದರು. ಉಗಿ ಬಿಡಬೇಕೇ, ತಣ್ಣೀರು ಸುರಿಯಬೇಕೇ, ತಿರುಪು ಸ್ವಲ್ಪ ಸಡಿಲಿಸಬೇಕೇ ಎಂದು ಒಂದೊಂದಾಗಿ ಕೇಳಿದರು. ಅವಳು ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು.

"ಏನೂ ಮಾಡಬಾರದ್ರಿ. ಮುಟ್ಟಬಾರದು, ಬಡೀಬಾರದು. ದೂರ ಕುಂತು ಕಾಯಬೇಕು."

ಅವರ ಮುಖ ಅರಳಿತು. "ಇಷ್ಟೇ ಏನವ್ವ? ಇದು ನಮಗ ಬರತೈತಿ ಬಿಡು. ಇಷ್ಟ್ ವರ್ಷ ಆಡಳಿತದಾಗ ಮತ್ತೇನ್ ಮಾಡೇವಿ," ಎಂದು ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕುಳಿತರು. ಮೂರು ನಿಮಿಷಕ್ಕೆ ಗಡಿಯಾರ ನೋಡಿದರು. ಐದು ನಿಮಿಷಕ್ಕೆ ಯಾರಿಗೋ ಫೋನು ಹಚ್ಚಿ ಕೂಡಲೇ ಇಟ್ಟರು. ಫೋಟೋದವನಿಗೆ ಜಾಗ ಬದಲಿಸಲು ಹೇಳಿದರು. ಎಂಟನೆಯ ನಿಮಿಷಕ್ಕೆ ತಡೆಯಲಾಗದೆ ಎದ್ದು, ಮುಚ್ಚಳದ ಕಡೆಗೆ ಕೈ ಚಾಚಿ ಒಂದು ಹೆಜ್ಜೆ ಇಟ್ಟರು.

"ಕುಂದ್ರಿ ಸರ್," ಎಂದಳು ಹುಸೇನ್‌ಬೀ.

ಕುಳಿತರು.